ನೆರಳು ಗಾಜಿನ ಹೊರಗಿರಲಿ

ಬಾಗಲಕೋಟೆಯ ನವನಗರದಿಂದ ಇಳಕಲ್ಲಿನವರೆಗೆ ಈಗ ಏಳುತ್ತಿರುವ ಹೊಸ ಮನೆಗಳ ಕಿಟಕಿಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಗೋಡೆಯ ಅರ್ಧ ಅಗಲಕ್ಕೆ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಚೌಕಟ್ಟಿನ ಸ್ಲೈಡಿಂಗ್ ಗಾಜು, ಅದರ ಒಳಮಗ್ಗುಲಿಗೆ ದಪ್ಪ ಪರದೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ಆ ಪರದೆ ಹಗಲೆಲ್ಲ ಮುಚ್ಚಿಯೇ ಇರುತ್ತದೆ, ಒಳಗೆ ದೀಪ ಉರಿಯುತ್ತಿರುತ್ತದೆ. ಬೆಳಕಿಗೆಂದು ರೊಕ್ಕ ಕೊಟ್ಟು ಹಾಕಿಸಿದ ಗಾಜನ್ನು ಬಿಸಿಲಿಗೆ ಅಂಜಿ ಮತ್ತೆ ರೊಕ್ಕ ಕೊಟ್ಟು ಮುಚ್ಚಿಸಿದಂತಾಯಿತು. ಮನೆಯ ಒಳಾಂಗಣದ ಬಗ್ಗೆ ಸಲಹೆ ಕೊಡುವವರು ಇಲ್ಲಿ ಬಟ್ಟೆಯ ಬಣ್ಣ, ರೋಲರ್ ಬ್ಲೈಂಡು, ಮಡಿಕೆ ಪರದೆಗಳ ಮಾತಿಗೆ ಇಳಿಯುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಬಿಸಿಲನ್ನು ಎಲ್ಲಿ ತಡೆಯಬೇಕು ಎಂಬ ಪ್ರಶ್ನೆ. ಏಪ್ರಿಲ್–ಮೇ ತಿಂಗಳಲ್ಲಿ ಪಾರಾ 40 ಡಿಗ್ರಿಯ ಆಸುಪಾಸಿಗೆ ಹೋಗುವ ಈ ನೆಲದಲ್ಲಿ ಕಿಟಕಿಯ ಮೊದಲ ಪರದೆ ಗಾಜಿನ ಹೊರಗೆ ಇರಬೇಕು. ಒಳಗಿನ ಬಟ್ಟೆಗೆ ಉಳಿಯುವುದು ಎರಡನೆಯ ಕೆಲಸ ಮಾತ್ರ.

ಕಾರಣ ಸರಳವಾದದ್ದು. ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಕಾವಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲನ್ನು ಒಳಗೆ ಬಿಡುತ್ತದೆ. ಒಳಬಂದ ಬಿಸಿಲು ಪರದೆಯನ್ನೋ ನೆಲವನ್ನೋ ಕಾಯಿಸಿದ ಮೇಲೆ ಅವುಗಳಿಂದ ಹೊಮ್ಮುವ ಶಾಖ ಗಾಜಿನ ಮೂಲಕ ಅಷ್ಟು ಸಲೀಸಾಗಿ ಹೊರಗೆ ಹೋಗಲಾರದು. ಅಂದರೆ ದಪ್ಪ ಪರದೆ ಎಳೆದಾಗ ಕಣ್ಣಿಗೆ ತಂಪೆನಿಸುತ್ತದೆ. ಕಾವು ಮಾತ್ರ ಆಗಲೇ ಕೋಣೆಯೊಳಗೆ ಬಂದುಬಿಟ್ಟಿರುತ್ತದೆ. ಪಶ್ಚಿಮಕ್ಕಿರುವ ನಾಲ್ಕಡಿ–ಐದಡಿಯ ಒಂದು ಕಿಟಕಿಗೆ ಬೇಸಿಗೆಯ ಇಳಿಹೊತ್ತಿನ ನೇರ ಬಿಸಿಲು ಬಿದ್ದರೆ, ಸುಮಾರು ಸಾವಿರ ವಾಟಿನ ಹೀಟರನ್ನು ಕೋಣೆಯಲ್ಲಿ ಉರಿಸಿದಷ್ಟೇ ಸರಿ. ತಿಳಿಬಣ್ಣದ ಪರದೆ ಒಂದಷ್ಟನ್ನು ಹಿಂದಕ್ಕೆ ಎಸೆಯುತ್ತದೆ, ನಿಜ. ಆದರೆ ಅದೇ ಬಟ್ಟೆಯನ್ನು, ಒಂದು ಬಿದಿರಿನ ತಟ್ಟಿಯನ್ನಾದರೂ ಸರಿ, ಗಾಜಿನ ಹೊರಗೆ ಇಳಿಬಿಟ್ಟರೆ ಅದು ಹೀರಿದ ಕಾವು ಹೊರಗಿನ ಗಾಳಿಗೇ ಹೋಗುತ್ತದೆ.

ಇನ್ನು ದಿಕ್ಕು. ಈ ಜಿಲ್ಲೆ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನಡುಹಗಲ ನೇರ ಬಿಸಿಲು ತಾಗುವುದೇ ಇಲ್ಲ. ಮಾರ್ಚಿನ ನಡುಹಗಲಲ್ಲಿ ಎರಡಡಿ ಚಾಚಿದ ಸಜ್ಜಾ ಏಳಡಿಯಷ್ಟು ಕೆಳಗಿನವರೆಗೆ ನೆರಳು ಚೆಲ್ಲುತ್ತದೆ. ಡಿಸೆಂಬರಿನಲ್ಲಿ ಅದೇ ಸಜ್ಜಾದ ನೆರಳು ಎರಡೂವರೆ ಅಡಿಗೆ ನಿಂತು, ಕಿಟಕಿಯ ಕೆಳಭಾಗದಿಂದ ಎಳೆಬಿಸಿಲು ಒಳಗೆ ಬರುತ್ತದೆ. ಬೇಕಾದಾಗ ಬರುವ, ಬೇಡದಾಗ ಬಾರದ ಬಿಸಿಲು ಇದು, ಅದೂ ಒಂದು ಕಲ್ಲಿನ ಹಾಸಿನ ಖರ್ಚಿನಲ್ಲಿ. ಪೂರ್ವ–ಪಶ್ಚಿಮಗಳಲ್ಲಿ ಈ ಲೆಕ್ಕ ನಡೆಯದು, ಅಲ್ಲಿ ಸೂರ್ಯ ಅಡ್ಡಡ್ಡ ಬರುತ್ತಾನೆ. ಹೀಗಿದ್ದೂ ನಾಲ್ಕೂ ದಿಕ್ಕಿಗೆ ಒಂದೇ ಅಳತೆಯ ಕಿಟಕಿ, ಒಂದೇ ಅಳತೆಯ ಸಜ್ಜಾ ಬರೆದುಕೊಡುವ ನಕಾಶೆಗಳೇ ಹೆಚ್ಚು. ಇದನ್ನು ಅಸಡ್ಡೆ ಎನ್ನದೆ ಬೇರೆ ಮಾತಿಲ್ಲ.

ಅಡ್ಡ ಬಿಸಿಲಿಗೆ ಒಂದು ಉತ್ತರ ಇದೇ ಜಿಲ್ಲೆಯಲ್ಲಿ ಸಾವಿರದಿನ್ನೂರು ವರ್ಷಗಳಿಗೂ ಹಿಂದಿನಿಂದ ನಿಂತಿದೆ. ಐಹೊಳೆಯ ದುರ್ಗ ಗುಡಿಯ ಪ್ರದಕ್ಷಿಣಾಪಥದಲ್ಲಿ ಮೂರ್ತಿಗಳ ಗೂಡುಗಳ ನಡುನಡುವೆ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಗೋಡೆಗಳಲ್ಲಿ, ಬಾದಾಮಿ ಚಾಲುಕ್ಯರ ಶಿಲ್ಪಿಗಳು ಕೊರೆದ ಜಾಲಂದ್ರಗಳಿವೆ. ಐಹೊಳೆಯ ಲಾಡಖಾನ್ ಗುಡಿಯಲ್ಲಂತೂ ಕಂಬಗಳ ನಡುವೆ ನಿಲ್ಲಿಸಿದ ಚಪ್ಪಡಿಗಳಲ್ಲೇ ಜಾಲಂದ್ರ ಬಿಡಿಸಿದ್ದಾರೆ. ಹಿಂದೊಮ್ಮೆ ಲಾಡಖಾನ್ ಎಂಬವನು ಅದನ್ನು ಮನೆ ಮಾಡಿಕೊಂಡಿದ್ದರಿಂದಲೇ ಗುಡಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಈ ಕಿಟಕಿಗಳ ಅಂದವನ್ನು ಎಲ್ಲರೂ ಹೊಗಳುತ್ತಾರೆ, ನಾನು ಹೇಳಬೇಕೆಂದಿರುವುದು ಅವುಗಳ ದಪ್ಪದ ಬಗ್ಗೆ. ನಾಲ್ಕಂಗುಲ ದಪ್ಪದ ಕಲ್ಲಿನಲ್ಲಿ ಮೂರಂಗುಲ ಎತ್ತರದ ಕಿಂಡಿ ಇದೆಯೆಂದುಕೊಳ್ಳಿ. ಸೂರ್ಯ ದಿಗಂತದಿಂದ 37 ಡಿಗ್ರಿಗಿಂತ ಮೇಲಿರುವವರೆಗೆ ನೇರ ಕಿರಣ ಅದನ್ನು ದಾಟಿ ಒಳಗೆ ಬರಲಾರದು. ಕಿಂಡಿಯ ಕೆಳಗಿನ ಅಂಚಿಗೆ ಬಡಿದು ಚದುರಿದ ಬೆಳಕಷ್ಟೇ ಬರುತ್ತದೆ. ಬೇಸಿಗೆಯಲ್ಲಿ ಪಶ್ಚಿಮದ ಗೋಡೆಗೂ ಮಧ್ಯಾಹ್ನ ಸುಮಾರು 4 ಗಂಟೆಯವರೆಗೆ ಈ ರಕ್ಷಣೆ ಸಿಗುತ್ತದೆ, ಗಾಳಿ ಮಾತ್ರ ಇಡೀ ದಿನ ಆಡುತ್ತಿರುತ್ತದೆ. ಇದಕ್ಕೆ ಶಿಲ್ಪಿಯೇ ಬೇಕೆಂದಿಲ್ಲ. ಕೇರಳದಲ್ಲಿ ಲಾರಿ ಬೇಕರ್ ಅವರು ಬರಿಯ ಇಟ್ಟಿಗೆಯನ್ನು ಸಂದು ಬಿಟ್ಟು ಪೇರಿಸಿ ಇಂಥ ಜಾಲಿ ಗೋಡೆಗಳನ್ನು ಸಾಮಾನ್ಯರ ಮನೆಗಳಿಗೆ ಕಡಿಮೆ ಖರ್ಚಿನಲ್ಲಿ ಕಟ್ಟಿ ತೋರಿಸಿದ್ದಾರೆ. ಇಲ್ಲಂತೂ ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗುಲಾಬಿ ಗ್ರಾನೈಟು, ಅವನ್ನು ಕೊಯ್ಯುವ ಯಂತ್ರ ಎಲ್ಲವೂ ಇವೆ. ದೂರದೇಶಗಳಿಗೆ ಹೋಗುವ ಆ ಕಲ್ಲು ಊರಿನ ಕಿಟಕಿಗೆ ಹೊಸ್ತಿಲಾಗಿ ಮಾತ್ರ ಉಳಿದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಳೆಯದನ್ನು ಹೊಗಳುವಾಗ ಒಂದು ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಈ ಭಾಗದ ತೊಲೆ–ಜಂತಿಯ ಮಾಳಿಗೆ ಮನೆಗಳಲ್ಲಿ ಕಿಟಕಿಯೇ ಇರಲಿಲ್ಲವಲ್ಲ, ಮಂದಿ ಕತ್ತಲಲ್ಲಿ, ಹೊಗೆಯಲ್ಲಿ ಬದುಕಿದರಲ್ಲ ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಆ ಮನೆಗಳ ಸಣ್ಣ ಕಿಂಡಿಗಳಲ್ಲಿ ಹವೆಯ ಅರಿವು ಎಷ್ಟಿತ್ತೋ ಕಳ್ಳಕಾಕರ ಅಂಜಿಕೆಯೂ ಅಷ್ಟೇ ಇತ್ತು; ಅಡಿಗೆಮನೆಯ ಹೊಗೆಗೆ ಕಣ್ಣು ಕೊಟ್ಟವರು ಹೆಂಗಸರು. ಆ ಮನೆ ಮರಳಿ ಬರಲಿ ಎಂದು ಯಾರೂ ಹಾರೈಸಬೇಕಿಲ್ಲ. ಆದರೆ ಅದರ ಮಾಳಿಗೆಯ ಬೆಳಕಿಂಡಿ ಮಾಡುತ್ತಿದ್ದ ಒಂದು ಕೆಲಸವನ್ನು ಇಂದಿನ ಆರ್‌ಸಿಸಿ ಮನೆ ಪೂರ್ತಿ ಕೈಬಿಟ್ಟಿದೆ: ಮೇಲೇರಿದ ಬಿಸಿಗಾಳಿಯನ್ನು ಹೊರಗೆ ಹಾಕುವುದು. ನವನಗರದ ಯೋಜನೆಯಲ್ಲೂ ಪಾಲ್ಗೊಂಡಿದ್ದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಟ್ಯೂಬ್ ಹೌಸ್’ನಲ್ಲಿ ಇದೇ ತತ್ವವಿತ್ತು. ಬಾಗಿಲ ಬಳಿಯ ತಿರುಗಿಸಬಲ್ಲ ಪಟ್ಟಿಗಳಿಂದ ಗಾಳಿ ಒಳಬಂದು, ಕಾದು, ಇಳಿಜಾರು ಚಾವಣಿಯ ಗುಂಟ ಏರಿ ನೆತ್ತಿಯ ಕಿಂಡಿಯಿಂದ ಹೋಗುತ್ತಿತ್ತು. ಕಿಟಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ಗಾಳಿಗೆ ಹೋಗುವ ದಾರಿ ಇದೆಯೇ ಎಂಬುದು ಮುಖ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆ ಕೂಡ ಒಣ ಬಿಸಿಲಿನ ಸೀಮೆಗೆ ಕೋಣೆಯ ನೆಲದ ಹತ್ತರಲ್ಲೊಂದು ಪಾಲು ತೆರಪು ಸಾಕೆನ್ನುತ್ತದೆ, ತೇವದ ಬಿಸಿ ಸೀಮೆಗೆ ಆರರಲ್ಲೊಂದು. ಹತ್ತಡಿ–ಹನ್ನೆರಡಡಿಯ ಕೋಣೆಗೆ ಮೂರಡಿ–ನಾಲ್ಕಡಿಯ ಒಂದು ಕಿಟಕಿಯಾಯಿತು, ಅಷ್ಟೇ. ಆದರೆ ಅದು ಪೂರ್ತಿ ತೆರೆಯಬೇಕು. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಎಂದೂ ಅರ್ಧಕ್ಕಿಂತ ಹೆಚ್ಚು ತೆರೆಯದು. ಹೊರಕ್ಕೆ ತೆರೆಯುವ ಹಳೆಯ ಜೋಡಿಕದದ ಕಿಟಕಿಯೇ ಇಲ್ಲಿ ಮೇಲು.

ಸೈಟೇ ಪಶ್ಚಿಮಕ್ಕೆ ಮುಖ ಮಾಡಿದ್ದರೆ? ಇದು ಗಟ್ಟಿಯಾದ ಪ್ರಶ್ನೆ, ಏಕೆಂದರೆ ಮೂವತ್ತು–ನಲವತ್ತರ ಸೈಟಿನಲ್ಲಿ ದಿಕ್ಕನ್ನು ಆರಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಅಲ್ಲದೆ ಮುಂಗಾರಿನಲ್ಲಿ ಗಾಳಿ ಬೀಸುವುದೂ ಪಡುವಣದಿಂದಲೇ. ಆ ಬದಿಯನ್ನು ಮುಚ್ಚಿಬಿಟ್ಟರೆ ಸೆಖೆ ತಪ್ಪದು. ಹಾಗಾಗಿ ಪಶ್ಚಿಮಕ್ಕೆ ಅಗಲ ಕಡಿಮೆಯಾದ, ಎತ್ತರವಾದ ಕಿಟಕಿ ಇಟ್ಟು, ಹೊರಗೆ ಜಾಲಿ ಅಥವಾ ಪಟ್ಟಿಕದ ಹಾಕಿಸಿ, ಜಿನೆ, ಬಚ್ಚಲು, ಪಡಸಾಲೆಗಳನ್ನು ಆ ಬದಿಗೆ ತಳ್ಳುವುದು ದಾರಿ. ಅಂಗಳವಿದ್ದರೆ ಮರ ಹಚ್ಚಬಹುದು. ಕಲಾದಗಿಯ ತೋಟಗಳಲ್ಲಿ ಹೆಸರಾದ ಚಿಕ್ಕು ವರ್ಷವಿಡೀ ದಟ್ಟ ಎಲೆ ಹೊತ್ತಿರುತ್ತದೆ, ಪಶ್ಚಿಮದ ಗೋಡೆಗೆ ಅದಕ್ಕಿಂತ ಒಳ್ಳೆಯ ಪರದೆಯನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಜಾಲಿಯಲ್ಲಿ ಧೂಳು ಕೂರುತ್ತದೆ, ಸೊಳ್ಳೆ ಬರುತ್ತವೆ ಎಂಬ ದೂರು ನ್ಯಾಯವಾದದ್ದೇ. ಎರೆಹೊಲದ ಧೂಳು ಯಾವ ಕಿಟಕಿಯನ್ನೂ ಬಿಟ್ಟಿಲ್ಲ. ಜಾಲಿಯ ಹಿಂದೆ ಒಳಕ್ಕೆ ತೆರೆಯುವ ಗಾಜಿನ ಕದ, ಬಿಚ್ಚಿ ತೊಳೆಯಬಲ್ಲ ಸೊಳ್ಳೆಪರದೆಯ ಚೌಕಟ್ಟು ಇದ್ದರೆ ವಾರಕ್ಕೊಮ್ಮೆ ಒರೆಸುವ ಕೆಲಸ ಉಳಿಯುತ್ತದೆ. ಸ್ಲೈಡಿಂಗ್ ಹಳಿಯ ಸಂದಿಯ ಮಣ್ಣು ತೆಗೆಯುವುದು ಇದಕ್ಕಿಂತ ಕಷ್ಟ. ಏಸಿ ಇದ್ದರೆ ಇದೆಲ್ಲ ಏಕೆ ಎನ್ನುವವರಿಗೆ, ನೆರಳಿಲ್ಲದ ಗಾಜಿನಿಂದ ಬಂದ ಕಾವನ್ನೇ ಆ ಯಂತ್ರ ಮತ್ತೆ ಹೊರಗೆ ಹಾಕಬೇಕು, ಅದರ ಬೆಲೆ ಬಿಲ್ಲಿನಲ್ಲಿ ಬರುತ್ತದೆ ಎನ್ನಬಹುದು.

ಹೊರಗೆ ನೆರಳಾದ ಮೇಲೆ ಒಳಗಿನ ಬಟ್ಟೆಗೆ ಮರೆಯೂ ಮಂದ ಬೆಳಕೂ ಸಾಕು. ಅದಕ್ಕೆ ತೆಳು ಹತ್ತಿಯೇ ತಕ್ಕದ್ದು. ಉಟ್ಟು ಮೆತ್ತಗಾದ ಇಳಕಲ್ ಹತ್ತಿ ಸೀರೆಯ ಒಡಲು ಗಾಳಿಗೆ ಹಾರುತ್ತದೆ, ಬೆಳಕನ್ನು ಸೋಸಿ ಬಿಡುತ್ತದೆ. ಗುಳೇದಗುಡ್ಡದ ಖಣದ ಒಂದು ಪಟ್ಟಿಯನ್ನು ಅಂಚಿಗೆ ಹಚ್ಚಿದರೆ ಬೇರೆ ಅಲಂಕಾರ ಬೇಡ. ನೇರ ಬಿಸಿಲಿಗೆ ಬಣ್ಣ ಬಿಡುತ್ತದೆಂಬ ಭಯವೂ ಹೊರನೆರಳು ಇದ್ದಲ್ಲಿ ಕಡಿಮೆಯಾಗುತ್ತದೆ.

ಆ ಸೀರೆ, ಆ ಖಣ ನೇಯುವವರ ಮನೆಯಲ್ಲೇ ಕಿಟಕಿಯ ಪ್ರಶ್ನೆ ಅತ್ಯಂತ ಜರೂರಿನದು. ಕುಣಿಮಗ್ಗದ ನೇಕಾರ ಕಾಲನ್ನು ಕುಣಿಗಿಳಿಸಿ ನೆಲದ ಮಟ್ಟದಲ್ಲಿ ಕೂರುತ್ತಾನೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸ ನೆಲದಿಂದ ಒಂದೆರಡಡಿ ಎತ್ತರದಲ್ಲಿ ನಡೆಯುತ್ತದೆ. ಮನೆಗಳ ನಕಾಶೆಯಲ್ಲಿ ಕಿಟಕಿಯ ಹೊಸ್ತಿಲು ಸಾಮಾನ್ಯವಾಗಿ ಮೂರಡಿ ಮೇಲೆ ಇರುತ್ತದೆ. ಬೆಳಕು ನೂಲನ್ನು ಬಿಟ್ಟು ಆಚೆಯ ಗೋಡೆಗೆ ಬೀಳುತ್ತದೆ, ನೇಕಾರ ಬಲ್ಬಿನ ಕೆಳಗೆ ಕಣ್ಣು ಸವೆಸುತ್ತಾನೆ. ಮಗ್ಗದ ಕೋಣೆಗೆ ಉತ್ತರದ ಗೋಡೆಯಲ್ಲಿ, ನೆಲದಿಂದ ಒಂದಡಿಗೇ ಶುರುವಾಗುವ ಅಗಲವಾದ ಕಿಟಕಿ ಬೇಕು. ಮೇ–ಜುಲೈನ ಉತ್ತರದ ಬಿಸಿಲು ನಡುಹಗಲಿಗೆ ನೆತ್ತಿಯ ಹತ್ತಿರವೇ ಇರುವುದರಿಂದ ಒಂದೂವರೆ ಅಡಿಯ ಸಜ್ಜಾ ಆ ಹೊತ್ತಿಗೆ ಧಾರಾಳವಾಯಿತು, ಮುಂಜಾನೆ–ಸಂಜೆಯ ಓರೆ ಬಿಸಿಲಿಗೆ ಬದಿಯಲ್ಲಿ ಒಂದೊಂದು ಕಲ್ಲಿನ ಹಲಗೆ ನಿಲ್ಲಿಸಬಹುದು. ನೇಕಾರರ ವಸತಿಗೆ ನಕಾಶೆ ಮಂಜೂರು ಮಾಡುವವರು ಆ ಒಂದು ಕಿಟಕಿಯ ಎತ್ತರವನ್ನು ಮೂರಡಿಯಿಂದ ಒಂದಡಿಗೆ ತಿದ್ದಲು ಹೊಸ ಅನುದಾನವೇನೂ ಬೇಕಾಗದು.