ಕಾಡಿನೊಳಗಿನ ಇದ್ದಿಲ ಹಾದಿ

ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯಿಂದ ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗುವವರು ಹೂದೋಟ, ಹೆಬ್ಬೆ ಜಲಪಾತ ನೋಡಿಕೊಂಡು ಊರ ದಾರಿ ಹಿಡಿಯುತ್ತಾರೆ. ಆ ಬೆಟ್ಟದ ಅದಿರು ಒಂದು ಕಾಲಕ್ಕೆ ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಪುಟ್ಟ ಟ್ರಾಮ್ ಗಾಡಿಯೇರಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರುತ್ತಿತ್ತು. ಈ ಸೀಮೆಯ ಕಾಡಿನ ಕಟ್ಟಿಗೆ ಸಾಗಿದ್ದೂ ಇಂಥ ಟ್ರಾಮ್ ಹಳಿಗಳ ಮೇಲೆಯೇ.

ಕಬ್ಬಿಣ ಕರಗಿಸಲು ಉರುವಲು ಬೇಕು. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಸುಣ್ಣಕಲ್ಲಿತ್ತು, ಕಲ್ಲಿದ್ದಲು ಇರಲಿಲ್ಲ. ಹಾಗಾಗಿ 1923ರಲ್ಲಿ ಭದ್ರಾವತಿಯಲ್ಲಿ ಕುಲುಮೆ ಹೊತ್ತಿದಾಗ ಮಲೆನಾಡಿನ ಮರವೇ ಅದಕ್ಕೆ ಆಹಾರವಾಯಿತು. ಕಾರ್ಖಾನೆಯ ಮೊದಲ ಹೆಸರೇ ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಸರ್ ಎಂ. ವಿಶ್ವೇಶ್ವರಯ್ಯ ಅದರ ಮಂಡಳಿಯ ಅಧ್ಯಕ್ಷರಾಗಿದ್ದರು.

ಕಾಡಿನಿಂದ ಬಂದ ಕಟ್ಟಿಗೆಯನ್ನು ತುಂಡು ಮಾಡಿ, ಉಕ್ಕಿನ ಕೋಣೆಯೊಳಗೆ ತಳ್ಳಿ, ಗಾಳಿಯಾಡದಂತೆ ಬಾಗಿಲು ಮುಚ್ಚಿ ಹೊರಗಿನಿಂದ ಕಾಯಿಸುತ್ತಿದ್ದರು. ಮರ ಉರಿಯದೆ ಇದ್ದಿಲಾಗುತ್ತಿತ್ತು. ಹೊರಬಂದ ಆವಿಯನ್ನು ತಣಿಸಿದರೆ ಮೀಥೈಲ್ ಆಲ್ಕೋಹಾಲ್, ಟಾರು ಸಿಗುತ್ತಿದ್ದವು. ಒಲೆಯ ಹೊಗೆಯಲ್ಲಿ ಹಾರಿಹೋಗುವುದನ್ನೂ ಹಿಡಿದು ಮಾರುವ ಲೆಕ್ಕಾಚಾರ ಅದು.

ಈ ಕಟ್ಟಿಗೆ ಹೊತ್ತು ತಂದ ಟ್ರಾಮ್ ಹಳಿಗಳ ನಡುವಿನ ಅಂತರ ಬರೀ ಎರಡು ಅಡಿ. ಗುಡ್ಡದ ಕಡಿದಾದ ತಿರುವುಗಳಿಗೆ ಒಗ್ಗುವ, ಕಡಿಮೆ ಮಣ್ಣು ಕೆಲಸದಲ್ಲಿ ಮುಗಿಯುವ ಅಳತೆಯದು. ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಇದೇ ಅಳತೆಯ ಟ್ರಾಮ್ ಓಡುತ್ತಿತ್ತು. ಇಂದು ಆ ಗಾಡಿಗಳಿಲ್ಲ.

ಇಂಥ ಹಳೆಯ ಹಳಿ ಹಾದಿಯ ನೆನಪನ್ನು ಉಳಿಸಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ ಮರದ ಹಳಿಗಳ ಮೇಲೆ ಕುದುರೆಗಳು ಕಲ್ಲಿದ್ದಲ ಬಂಡಿ ಎಳೆಯುತ್ತಿದ್ದ ಕಾಲದ ಕಾಸಿ ಕಮಾನು ಸೇತುವೆ ಕಾಡುಕಣಿವೆಯಲ್ಲಿ ಇನ್ನೂ ನಿಂತಿದೆ. ಅದನ್ನು ಕಟ್ಟಿದ್ದು 1725–26ರಲ್ಲಿ, ಕಲ್ಲುಕುಟಿಗ ರಾಲ್ಫ್ ವುಡ್. ಅಲ್ಲಿನವರು ಅದನ್ನು ಜತನವಾಗಿ ಕಾಪಾಡಿದ್ದಾರೆ. ಜನ ನಡೆದುಹೋಗಿ ನೋಡುತ್ತಾರೆ.

ನಮ್ಮ ಟ್ರಾಮ್ ಹಾದಿಗೂ ಆ ಮರ್ಯಾದೆ ಸಲ್ಲಬೇಕು. ಕನ್ನಡ ನಾಡಿನ ಕೈಗಾರಿಕೆಗೆ ಮಲೆನಾಡು ತೆತ್ತ ಬೆಲೆಗೆ ಆ ಹಾದಿ ಸಾಕ್ಷಿ. ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಹಾದಿಯನ್ನು ಗುರುತಿಸಿ, ನಕ್ಷೆ ಮಾಡಿ, ತಣಿಗೆಬೈಲು ಮತ್ತು ತರೀಕೆರೆಯಲ್ಲಿ ಮಾಹಿತಿ ಫಲಕ ಹಾಕಲಿ. ಟ್ರಾಮ್ ಓಡಿದ್ದನ್ನು ಕಂಡ ಹಿರಿಯರ ಮಾತುಗಳನ್ನು ಈಗಲೇ ದಾಖಲಿಸಲಿ.

ಹೋಗುವ ದಾರಿ: ಹುಬ್ಬಳ್ಳಿಯಿಂದ ಬೀರೂರಿಗೆ ರೈಲಿದೆ. ಅಲ್ಲಿಂದ ತರೀಕೆರೆ, ಲಿಂಗದಹಳ್ಳಿ ಮೂಲಕ ಕೆಮ್ಮಣ್ಣುಗುಂಡಿ ತಲುಪಬಹುದು. ಸುತ್ತಲಿನದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ; ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡಬೇಡಿ.