ಪ್ರಾಯದ ನಾಯಿಗೂ ಒಂದು ಮನೆ: ಆಶ್ರಯಧಾಮದಿಂದ ತರುವ ಮೊದಲು ತಿಳಿದಿರಬೇಕಾದದ್ದು

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ನಿಧನರಾದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳು ಕುವೈಟ್ ಮತ್ತು ಕೆನಡಾದಲ್ಲಿ. ಮನೆಯಲ್ಲಿ ಅವರ ಜೊತೆಗಿದ್ದದ್ದು ಒಂಬತ್ತು ವರ್ಷ ಪ್ರಾಯದ ಜಿಮ್ಮಿ ಎಂಬ ನಾಯಿ ಮಾತ್ರ. ಏಳನೆಯ ದಿನದ ಬಲಿಪೂಜೆ ಮುಗಿದ ಮೇಲೆ ಹಿರಿಯ ಮಗಳು ಚರ್ಚ್ ಕಚೇರಿಗೆ ಬಂದರು. ಬೇರೆ ಕೆಲಸಗಳನ್ನೆಲ್ಲ ಮುಗಿಸಿ, ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು: "ಫಾದರ್, ನಾಡಿದ್ದು ಮನೆಗೆ ಬೀಗ ಹಾಕ್ತೇವೆ. ಜಿಮ್ಮಿಗೆ ಏನಾದ್ರೂ ವ್ಯವಸ್ಥೆ ಮಾಡ್ಲಿಕ್ಕೆ ಆಗ್ತದಾ?"

ವಾರ್ಡಿನ ಗುರಿಕಾರರು ಐದಾರು ಮನೆಗಳಲ್ಲಿ ವಿಚಾರಿಸಿ ಬಂದರು. "ಮರಿಯಾಗಿದ್ರೆ ಯಾರಾದ್ರೂ ತೆಗೊಳ್ತಿದ್ರು ಫಾದರ್. ಇದಕ್ಕೆ ಪ್ರಾಯ ಆಯ್ತಲ್ಲ" ಎಂದರು. ಕೊನೆಗೆ ಜಿಮ್ಮಿ ನಗರದ ಪ್ರಾಣಿ ಆಶ್ರಯಧಾಮವೊಂದನ್ನು ಸೇರಿತು.

ಇದು ಒಂದು ಮನೆಯ ಕಥೆಯಲ್ಲ. ಕರಾವಳಿಯ ಯಾವ ಧರ್ಮಕೇಂದ್ರಕ್ಕೆ ಹೋದರೂ ಬೀಗ ಹಾಕಿದ ಮನೆಗಳು ಕಾಣಸಿಗುತ್ತವೆ. ಹೆತ್ತವರು ತೀರಿಕೊಂಡಿರುತ್ತಾರೆ, ಇಲ್ಲವೇ ಮಕ್ಕಳ ಬಳಿಗೆ ಹೋಗಿರುತ್ತಾರೆ, ಅಥವಾ ಹಿತ್ತಿಲು ಮಾರಿ ಫ್ಲ್ಯಾಟ್ ಸೇರಿರುತ್ತಾರೆ. ಅಂತಹ ಸಮಯದಲ್ಲಿ ಕೆಲವರು ನಾಯಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವುದುಂಟು. ಅಲ್ಲಿ ಬಂಗುಡೆಯ ತಲೆಯಾದರೂ ಸಿಕ್ಕೀತು ಎಂಬ ಸಮಾಧಾನ ಅವರದು. ಆದರೆ ಮನೆಯ ಗಂಜಿ ಉಂಡು ಬೆಳೆದ ನಾಯಿಯನ್ನು ಅಲ್ಲಿನ ನಾಯಿಗಳು ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ ಎಂಬುದೂ ಹೆಚ್ಚಿನವರಿಗೆ ತಿಳಿದಿಲ್ಲ.

ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್, ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ ಮೊದಲಾದ ಸಂಸ್ಥೆಗಳು ಇಂತಹ ಪ್ರಾಣಿಗಳಿಗೆ ನೆರಳಾಗಿವೆ. ಆದರೆ ಅವುಗಳ ಜಾಗಕ್ಕೂ ಒಂದು ಮಿತಿ ಇದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಬೇಕೆಂದು ಆದೇಶಿಸಿತು. ನಮ್ಮ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಈ ವಿಷಯ ಗೊತ್ತಿರಬಹುದು. ಆಶ್ರಯಧಾಮ ತುಂಬಿದಷ್ಟೂ ನಷ್ಟ ಪ್ರಾಯದ ನಾಯಿಗೇ. ಬಂದವರು ಮೊದಲು ಕೇಳುವುದು ಮರಿಯನ್ನು, ಆಮೇಲೆ ಒಳ್ಳೆಯ ಜಾತಿಯದ್ದನ್ನು. ಮೂತಿ ಬೆಳ್ಳಗಾದದ್ದು ಮೂಲೆಯಲ್ಲೇ ಉಳಿಯುತ್ತದೆ.

(ಪತ್ರಿಕೆಗಳಲ್ಲಿ ಇದಕ್ಕೆ 'ದತ್ತು' ಎನ್ನುತ್ತಾರೆ. ಮಗುವಿಗೆ ಬಳಸುವ ಪದವನ್ನು ನಾಯಿಗೆ ಬಳಸಲು ನನಗೆ ಸ್ವಲ್ಪ ಹಿಂಜರಿಕೆ. 'ಸಾಕಲು ತರುವುದು' ಎಂದರೆ ಸಾಕಲ್ಲವೇ?)

ಯಾವ ಮನೆಗೆ ಹೊಂದುತ್ತದೆ?

ವಿದೇಶದಲ್ಲಿರುವ ಮಕ್ಕಳು ಕ್ರಿಸ್ಮಸಿಗೆ ಬಂದಾಗ ಹೆತ್ತವರಿಗೆ ಜೊತೆಯಾಗಲಿ ಎಂದು ಲ್ಯಾಬ್ರಡಾರ್ ಮರಿಯೊಂದನ್ನು ಕೊಡಿಸಿ ಹೋಗುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಏಳೆಂಟು ತಿಂಗಳಲ್ಲಿ ಆ ಮರಿ ಇಪ್ಪತ್ತು ಕಿಲೋ ದಾಟಿ, ಸಂಕೋಲೆ ಎಳೆಯಲು ಶುರುಮಾಡುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಎಪ್ಪತ್ತರ ಪ್ರಾಯದ ತಾಯಿ ಬಿದ್ದರೆ ಸೊಂಟದ ಮೂಳೆ ಉಳಿಯುವುದಿಲ್ಲ. ಮೇಲಾಗಿ ಆ ನಾಯಿ ಹನ್ನೆರಡು ವರ್ಷ ಬದುಕಬಲ್ಲದು. ಅಷ್ಟು ವರ್ಷ ಮನೆಯವರು ಅದನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿರುತ್ತಾರೆಯೇ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಜಿಮ್ಮಿ ಕೂಡ ಹೀಗೇ ಬಂದ ಮರಿ.

ಇಂತಹ ಮನೆಗೆ ಎಂಟು-ಹತ್ತು ವರ್ಷದ ನಾಯಿಯೇ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಅದರ ಗಾತ್ರ ಎಷ್ಟು, ಸ್ವಭಾವ ಏನು ಎಂಬುದು ಕಣ್ಣೆದುರಿಗೇ ಇರುತ್ತದೆ. ಮನೆಯಲ್ಲಿ ಬೆಳೆದದ್ದಾದರೆ ಮಲಮೂತ್ರಕ್ಕೆ ಹೊರಗೆ ಹೋಗುವ ಅಭ್ಯಾಸವಿರುತ್ತದೆ. ಚಪ್ಪಲಿ ಕಚ್ಚುವ ಕಾಲ ಮುಗಿದಿರುತ್ತದೆ. ಬೆಳಿಗ್ಗೆ ಸಂಜೆ ಅಂಗಳದ ತುದಿಯವರೆಗೆ ಎರಡು ಸುತ್ತು ನಡೆದರೆ ಹೆಚ್ಚಿನವುಗಳಿಗೆ ಸಾಕು.

ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ ಎಂಬ ಲೆಕ್ಕ ಸರಿಯಲ್ಲ. ದೊಡ್ಡ ಜಾತಿಯವು ಬೇಗ ಮುದಿಯಾಗುತ್ತವೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಏಳೆಂಟು ವರ್ಷಕ್ಕೇ ಹಿರಿಯರ ಸಾಲಿಗೆ ಸೇರಿದರೆ, ಚಿಕ್ಕ ಗಾತ್ರದವು ಹತ್ತರ ಆಸುಪಾಸಿನಲ್ಲಿ ಸೇರುತ್ತವೆ. ಚೆನ್ನಾಗಿ ನೋಡಿಕೊಂಡರೆ ನಮ್ಮ ಊರ ನಾಯಿಗಳು ಹನ್ನೆರಡು-ಹದಿನೈದು ವರ್ಷ ಬಾಳುವುದುಂಟು. ಆದ್ದರಿಂದ ಒಂಬತ್ತು ವರ್ಷದ ಊರ ನಾಯಿಗೆ ಇನ್ನೂ ಕೆಲವು ಒಳ್ಳೆಯ ವರ್ಷಗಳು ಇರಬಹುದು.

ತರುವ ಮೊದಲು

ಒಮ್ಮೆ ನೋಡಿ ತೀರ್ಮಾನಿಸಬೇಡಿ, ಎರಡು ಸಲವಾದರೂ ಹೋಗಿ. ನೂರಾರು ನಾಯಿಗಳ ಬೊಗಳುವಿಕೆಯ ನಡುವೆ ಕಂಬಿಯ ಹಿಂದಿರುವ ನಾಯಿ ತನ್ನ ನಿಜಸ್ವಭಾವ ತೋರಿಸುವುದಿಲ್ಲ. ಅದನ್ನು ಹೊರಗೆ ಕರೆದುಕೊಂಡು ಹತ್ತು ನಿಮಿಷ ನಡೆಯಿರಿ. ಯಾಕೆ ಇಲ್ಲಿಗೆ ಬಂತು, ಕಚ್ಚಿದ್ದುಂಟೇ, ಮಕ್ಕಳು, ಬೆಕ್ಕು, ಕೋಳಿಗಳ ಜೊತೆ ಹೇಗೆ ಎಂದು ನೋಡಿಕೊಳ್ಳುವವರಲ್ಲಿ ಕೇಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ಲಸಿಕೆಯ ಕಾರ್ಡ್ ಇದೆಯೇ ಎಂದು ನೋಡಿ. ರೇಬಿಸ್ ಲಸಿಕೆ ಪ್ರತಿ ವರ್ಷ ಕೊಡಿಸಬೇಕು, ಪ್ರಾಯವಾಯಿತೆಂದು ಬಿಡುವಂತಿಲ್ಲ. ಇಲಿ ಜ್ವರ ನಾಯಿಗೂ ಬರುತ್ತದೆ, ಅದರ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ನಮ್ಮ ಮಳೆಗಾಲವನ್ನು ಗಮನಿಸಿದರೆ ಅದರ ಲಸಿಕೆಯನ್ನೂ ಬಿಡದಿರುವುದು ಒಳ್ಳೆಯದು.

ರಕ್ತ ಪರೀಕ್ಷೆಯ ವಿಷಯದಲ್ಲಿ ಸಂಕೋಚ ಬೇಡ. ಕಿಡ್ನಿ, ಲಿವರ್, ಉಣ್ಣಿಯಿಂದ ಬರುವ ಜ್ವರ, ಇವುಗಳ ಸ್ಥಿತಿ ಮೊದಲೇ ತಿಳಿದರೆ ಆಮೇಲೆ ಗಾಬರಿಯಾಗುವುದಿಲ್ಲ. ನಾಯಿ ಮೊದಲಿಗಿಂತ ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಅದು ಕಿಡ್ನಿ ತೊಂದರೆಯ ಅಥವಾ ಸಕ್ಕರೆ ಕಾಯಿಲೆಯ ಸೂಚನೆಯಾಗಿರಬಹುದು. ಬಾಯಿಯ ದುರ್ವಾಸನೆ 'ಪ್ರಾಯದ ವಾಸನೆ' ಅಲ್ಲ, ಹೆಚ್ಚಾಗಿ ಹಲ್ಲು ಒಸಡಿನ ರೋಗ. ಕಣ್ಣಿನಲ್ಲಿ ತಿಳಿನೀಲಿ ಮಬ್ಬು ಕಂಡ ಕೂಡಲೇ ಕುರುಡೆಂದು ತಿಳಿಯಬೇಡಿ. ಪ್ರಾಯದಿಂದ ಬರುವ ಆ ಮಬ್ಬಿನಲ್ಲಿ ದೃಷ್ಟಿ ಬಹುಪಾಲು ಉಳಿದಿರುತ್ತದೆ. ಕಣ್ಣಿನ ಪೊರೆ ಬೇರೆ. ಪಶುವೈದ್ಯರು ಪರೀಕ್ಷಿಸಿ ಹೇಳಬಲ್ಲರು.

ಮನೆಗೆ ಬಂದ ಮೇಲೆ

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಅನುಭವಸ್ಥರು ಒಂದು ಅಂದಾಜು ಹೇಳುತ್ತಾರೆ. ಭಯ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನಿಸಲು ಮೂರು ತಿಂಗಳು. ಮೊದಲ ವಾರ ನೆಂಟರನ್ನು ಕರೆದು ತೋರಿಸುವುದು ಬೇಡ. ಊಟ ಬಿಟ್ಟರೆ ಒಂದು ದಿನ ಕಾಯಿರಿ, ಎರಡನೆಯ ದಿನವೂ ಮುಟ್ಟದಿದ್ದರೆ ವೈದ್ಯರ ಬಳಿ ಹೋಗಿ.

ನಮ್ಮ ಮನೆಗಳ ನುಣುಪಾದ ಟೈಲ್ಸ್ ಪ್ರಾಯದ ನಾಯಿಗೆ ದೊಡ್ಡ ಶತ್ರು. ಗಂಟುನೋವಿರುವ ನಾಯಿ ಜಾರಿದರೆ ಮತ್ತೆ ಏಳಲು ಹೆದರುತ್ತದೆ. ಮಲಗುವಲ್ಲಿಂದ ಬಾಗಿಲವರೆಗೆ ಗೋಣಿ ಹಾಸಿದರೂ ಸಾಕು. ಮಳೆಗಾಲದಲ್ಲಿ ಜಗಲಿಯ ತಣ್ಣನೆಯ ನೆಲದಲ್ಲಿ ಮಲಗಿಸಬೇಡಿ. ಕಿವಿ ಮಂದವಾಗಿದ್ದರೆ ನಿದ್ದೆಯಲ್ಲಿರುವಾಗ ಹಿಂದಿನಿಂದ ಮುಟ್ಟಬಾರದು, ಬೆಚ್ಚಿ ಕಚ್ಚೀತು. ನೆಲಕ್ಕೆ ಕಾಲು ತಟ್ಟಿದರೆ ಅದುರುವಿಕೆಯಿಂದ ಎಚ್ಚರವಾಗುತ್ತದೆ. ಯಾವ ನಾಯಿ ಕಚ್ಚಿದರೂ, ಲಸಿಕೆಯಾದದ್ದೇ ಇರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಊಟದಲ್ಲಿ ಬರೀ ಗಂಜಿ ಸಾಲದು. ಮುಳ್ಳು ತೆಗೆದ ಬೇಯಿಸಿದ ಮೀನು, ಮೊಟ್ಟೆ, ಕೋಳಿಮಾಂಸ ಸೇರಿಸಬಹುದು. ಕಿಡ್ನಿ ತೊಂದರೆ ಇದ್ದರೆ ಎಷ್ಟೆಂದು ವೈದ್ಯರೇ ಹೇಳಬೇಕು. ಒಣಮೀನಿನ ಉಪ್ಪು ಹೃದಯ, ಕಿಡ್ನಿ ಎರಡಕ್ಕೂ ಕೆಟ್ಟದು. ಕ್ರಿಸ್ಮಸ್ ಸಮಯದಲ್ಲಿ ವಿಶೇಷ ಎಚ್ಚರ ಬೇಕು. ಪ್ಲಮ್ ಕೇಕಿನ ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು, ಚಾಕಲೇಟು ಮತ್ತು ಈರುಳ್ಳಿಯೂ ವಿಷ. ಕುಸ್ವಾರಿನ ತಟ್ಟೆಯನ್ನು ಮೇಲಿಡಿ. ನೋವೆಂದು ನಮ್ಮ ಪ್ಯಾರಾಸಿಟಮಾಲ್, ಬ್ರೂಫೆನ್ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಚರ್ಚಿನ ಹಬ್ಬದ ರಾತ್ರಿ ಗರ್ನಾಲು ಸಿಡಿಯುವಾಗ ಒಳಕೋಣೆಯಲ್ಲಿ ಬಾಗಿಲು ಹಾಕಿ, ಒಬ್ಬರು ಜೊತೆಗಿರಬೇಕು. (ಗರ್ನಾಲು ಕಡಿಮೆ ಮಾಡಿ ಎಂದು ಹಬ್ಬದ ಸಮಿತಿಗೆ ನಾನು ಹೇಳಿ ನೋಡಿದ್ದೇನೆ. ಫಲಿತಾಂಶ ಓದುಗರು ಊಹಿಸಬಹುದು.)

ಎರಡು ಪ್ರಶ್ನೆಗಳು

ಈ ವಿಷಯ ಮಾತಾಡಿದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ: "ಬಡವರ ಮನೆಯಲ್ಲಿ ಔಷಧಿಗೆ ದುಡ್ಡಿಲ್ಲದಿರುವಾಗ ನಾಯಿಗೆ ಖರ್ಚು ಮಾಡುವುದು ಸರಿಯಾ ಫಾದರ್?" ಪ್ರಶ್ನೆ ನ್ಯಾಯವಾದದ್ದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೇ ಪರಿಚ್ಛೇದದಲ್ಲಿ ಎರಡೂ ಮಾತುಗಳಿವೆ. ಪ್ರಾಣಿಗಳನ್ನು ಅನಗತ್ಯವಾಗಿ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ. ಮನುಷ್ಯರ ಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ. ನನ್ನ ಮಟ್ಟಿಗೆ ಆ ಪ್ರಶ್ನೆ ಹೆಚ್ಚು ತಟ್ಟಬೇಕಾದದ್ದು ಸಾವಿರಾರು ರೂಪಾಯಿ ಕೊಟ್ಟು ಜಾತಿಯ ಮರಿ ಕೊಳ್ಳುವವರಿಗೆ. ಆದರೂ ಪ್ರಾಯದ ನಾಯಿಗೆ ಔಷಧಿಯ ಖರ್ಚು ಬರುವುದು ಖಂಡಿತ. ತಿಂಗಳಿಗೆ ಎಷ್ಟು ಸಾಧ್ಯ ಎಂದು ಮೊದಲೇ ಮನೆಯವರು ಕೂತು ಮಾತಾಡಬೇಕು. ಎಲ್ಲ ಪರೀಕ್ಷೆ, ಎಲ್ಲ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದಿಲ್ಲ. ನೋವಿಲ್ಲದಂತೆ ನೋಡಿಕೊಂಡರೂ ಕರ್ತವ್ಯ ಮಾಡಿದಂತೆ.

ಎರಡನೆಯದನ್ನು ಜನ ಮೆಲ್ಲನೆ ಕೇಳುತ್ತಾರೆ. ಗುಣವಾಗದ ನೋವಿನಿಂದ ನರಳುವ ನಾಯಿಗೆ ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಸಾಯಿಸುವುದು ಪಾಪವೇ? ಒಬ್ಬ ತಾಯಿ ಇದನ್ನು ಪಾಪನಿವೇದನೆಯಲ್ಲಿ ಹೇಳಬೇಕೇ ಎಂದು ಹೊರಗೆ ನಿಂತು ಕೇಳಿದ್ದರು. ದಯಾಮರಣದ ಬಗ್ಗೆ ಧರ್ಮಸಭೆಯ ನಿಷೇಧ ಮನುಷ್ಯಜೀವಕ್ಕೆ ಸಂಬಂಧಿಸಿದ್ದು, ಪ್ರಾಣಿಗೆ ಅದು ಅನ್ವಯಿಸುವುದಿಲ್ಲ. ಬದುಕುವ ದಾರಿಯೇ ಇಲ್ಲದಿರುವಾಗ, ವೈದ್ಯರ ಸಲಹೆಯಂತೆ, ನೋವಿಲ್ಲದೆ ಕಳುಹಿಸಿಕೊಡುವುದರಲ್ಲಿ ತಪ್ಪಿಲ್ಲ. ನೋಡಿಕೊಳ್ಳಲು ಬೇಸರವಾಯಿತೆಂದು ಹಾಗೆ ಮಾಡಿದರೆ ಅದು ಬೇರೆ ಮಾತು.

ಜಿಮ್ಮಿ ಆಶ್ರಯಧಾಮದಲ್ಲಿ ನಾಲ್ಕು ತಿಂಗಳಿತ್ತು. ಬಳಿಕ ನಮ್ಮ ಪಕ್ಕದ ವಾರ್ಡಿನ ನಿವೃತ್ತ ಟೀಚರ್ ಒಬ್ಬರು, 68 ವರ್ಷದವರು, ಹೋಗಿ ನೋಡಿ ಕರೆತಂದರು. ಮೊದಲ ಎರಡು ವಾರ ಅದು ಗೇಟಿನ ಕಡೆ ಮುಖ ಮಾಡಿಯೇ ಮಲಗುತ್ತಿತ್ತಂತೆ. ಈಗ ಅಡುಗೆಮನೆಯ ಹೊಸ್ತಿಲಲ್ಲಿ ಮಲಗಿ ದಾರಿಗೆ ಅಡ್ಡವಾಗುತ್ತದೆ ಎಂಬುದು ಅವರ ದೂರು. ಕಳೆದ ತಿಂಗಳು ಅವರು ಚರ್ಚ್ ಕಚೇರಿಗೆ ಬಂದು ಮಡಚಿದ ಒಂದು ಹಾಳೆ ಕೊಟ್ಟುಹೋದರು. ಜಿಮ್ಮಿಯ ಲಸಿಕೆಯ ತಾರೀಕು, ಗಂಟುನೋವಿನ ಮಾತ್ರೆಯ ಹೆಸರು, ತನಗೇನಾದರೂ ಆದರೆ ಅದನ್ನು ಕರೆದೊಯ್ಯಲು ಒಪ್ಪಿದ ಪಕ್ಕದ ಮನೆಯ ರಿಕ್ಷಾ ಚಾಲಕರ ಸಹಿ, ಎಲ್ಲ ಅದರಲ್ಲಿದೆ. ಮುಂದಿನ ರಕ್ತ ಪರೀಕ್ಷೆ ಮಳೆಗಾಲ ಕಳೆದ ಮೇಲೆ ಎಂದು ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಾರೆ.