ಅನ್ಯ ಸೂರ್ಯರ ಗ್ರಹಗಳು ಮತ್ತು ನಮ್ಮ ನುಡಿಯ ಸತ್ಯ

ಇರುಳಿನಲ್ಲಿ ತಲೆಯೆತ್ತಿ ನೋಡಿದ ಯಾರಿಗಾದರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಹುಟ್ಟದೆ ಇರದು: ಎಣಿಕೆಗೆ ನಿಲುಕದ ಈ ಚುಕ್ಕೆಗಳ ಬಳಿಯಲ್ಲಿಯೂ ನಮ್ಮ ಭೂಮಿಯಂಥ ನೆಲಗಳಿರಬಹುದೆ? ಇದ್ದರೆ ಅಲ್ಲಿ ನೀರುಂಟೆ, ಉಸಿರುಂಟೆ, ಹಸಿವುಂಟೆ? ಸಾವಿರಾರು ವರ್ಷ ಇದು ಊಹೆಯ ವಿಷಯವಾಗಿಯೇ ಉಳಿದಿತ್ತು. ಕಳೆದ ಮೂರು ದಶಕಗಳಲ್ಲಿ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ದೊರೆತಿದೆ. ಉಳಿದರ್ಧಕ್ಕೆ ಇನ್ನೂ ದೊರೆತಿಲ್ಲ. ಈ ಎರಡನ್ನೂ ಬೆರೆಸದೆ ಬೇರೆ ಬೇರೆಯಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಬೆರೆಸಿ ಹೇಳಿದ ತಪ್ಪು ಒಮ್ಮೆ ನಮ್ಮಿಂದಲೇ ನಡೆದುಹೋಗಿರುವುದರಿಂದ, ಮೊದಲು ಅದನ್ನು ನಿವೇದಿಸಿಕೊಂಡು ಮುಂದುವರಿಯುತ್ತೇವೆ.

2017ರ ಫೆಬ್ರವರಿಯಲ್ಲಿ ಒಂದು ಸುದ್ದಿ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಸುಮಾರು 40 ಜ್ಯೋತಿರ್ವರ್ಷಗಳ ದೂರದಲ್ಲಿರುವ ಟ್ರ್ಯಾಪಿಸ್ಟ್-1 ಎಂಬ ಪುಟ್ಟ ಕೆಂಪು ನಕ್ಷತ್ರದ ಸುತ್ತ ಭೂಮಿಯ ಗಾತ್ರದ ಏಳು ಗ್ರಹಗಳಿವೆಯೆಂಬುದೇ ಆ ಸುದ್ದಿ. ಅದೇ ವರ್ಷದ ಶ್ರಾವಣದಲ್ಲಿ ಒಂದು ಊರಿನ ಮಠದಲ್ಲಿ ನಮ್ಮ ಪ್ರವಚನ ನಡೆದಿತ್ತು. ಸಭೆ ತುಂಬಿತ್ತು, ನಮ್ಮ ಉತ್ಸಾಹವೂ ಮೇರೆ ಮೀರಿತು. “ವಿಜ್ಞಾನಿಗಳು ಇಂದು ಏಳು ಗ್ರಹಗಳನ್ನು ಕಂಡರು, ನಮ್ಮ ಹಿರಿಯರು ಏಳು ಊರ್ಧ್ವಲೋಕಗಳನ್ನು ಎಂದೋ ಕಂಡಿದ್ದರು” ಎಂದುಬಿಟ್ಟೆವು. ಚಪ್ಪಾಳೆ ಬಿದ್ದವು. ಆಗ ಹೆಣ್ಣುಮಕ್ಕಳ ಸಾಲಿನಿಂದ ಹೈಸ್ಕೂಲು ಓದುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಗುರುಗಳ, ಭೂಲೋಕನೂ ಆ ಏಳರಾಗ ಒಂದಲ್ರೀ? ಹಂಗಾರ ನಾವೂ ಆ ಚುಕ್ಕಿ ಹತ್ರನ ಅದೀವೇನ್ರೀ?”

ಭೂಃ, ಭುವಃ, ಸುವಃ ಎಂದು ಎಣಿಸುವಾಗ ಮೊದಲನೆಯದೇ ಭೂಲೋಕವೆಂಬುದು ನಮಗೆ ತಿಳಿಯದ್ದೇನೂ ಅಲ್ಲ. ನಾವು ಕಟ್ಟಿದ ಹೋಲಿಕೆ ಒಂದೇ ಪ್ರಶ್ನೆಗೆ ಕುಸಿದುಬಿದ್ದಿತ್ತು. ಆದರೂ “ಕುಳಿತುಕೋ ತಂಗಿ, ದೊಡ್ಡವಳಾದ ಮೇಲೆ ತಿಳಿದೀತು” ಎಂದೆವು. ಸಭೆ ನಕ್ಕಿತು. ಹುಡುಗಿ ತಲೆ ತಗ್ಗಿಸಿ ಕುಳಿತಳು. ಆ ತಗ್ಗಿದ ತಲೆ ನಮ್ಮನ್ನು ಬಹುಕಾಲ ಕಾಡಿತು. ಈ ಶಾಸ್ತ್ರವನ್ನು ಕುರಿತು ದೊರೆತದ್ದನ್ನೆಲ್ಲ ಕುಳಿತು ಓದುವಂತೆ ಮಾಡಿದ್ದೂ ಅದೇ.

ತಪ್ಪನ್ನು ಒಪ್ಪಿದ ವಿಜ್ಞಾನಿ

ಹಾಗೆ ಓದುವಾಗ ನಮ್ಮನ್ನು ಮೊದಲು ತಡೆದು ನಿಲ್ಲಿಸಿದ್ದು ಒಬ್ಬ ಆಂಗ್ಲ ವಿಜ್ಞಾನಿಯ ವೃತ್ತಾಂತ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ರೇಡಿಯೋ ವೀಕ್ಷಣಾಲಯದ ಆಂಡ್ರ್ಯೂ ಲೈನ್ ಮತ್ತು ಅವರ ಸಂಗಡಿಗರು 1991ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಒಂದು ಘೋಷಣೆ ಮಾಡಿದರು. ಪಲ್ಸಾರ್ ಎಂದರೆ ಸತ್ತ ನಕ್ಷತ್ರದ ಕುಗ್ಗಿದ ತಿರುಳು. ಅದು ಗಿರಗಿರನೆ ತಿರುಗುತ್ತ, ಗಡಿಯಾರದ ಬಡಿತದಂತೆ ತಪ್ಪದೆ ರೇಡಿಯೋ ಮಿಡಿತಗಳನ್ನು ಕಳಿಸುತ್ತಿರುತ್ತದೆ. ಅಂಥ ಒಂದು ಪಲ್ಸಾರಿನ ಮಿಡಿತ ಆರು ತಿಂಗಳಿಗೊಮ್ಮೆ ತುಸು ಮುಂದಾಗಿ, ತುಸು ಹಿಂದಾಗಿ ಬರುತ್ತಿತ್ತು. ಅದನ್ನು ಸುತ್ತುವ ಗ್ರಹವೊಂದರ ಸೆಳೆತವೇ ಇದಕ್ಕೆ ಕಾರಣವೆಂದು ಅವರು ಅರ್ಥೈಸಿದರು. ಸೌರಮಂಡಲದ ಹೊರಗೆ ಮೊದಲ ಗ್ರಹ ಸಿಕ್ಕಿತೆಂದು ಲೋಕವೆಲ್ಲ ಹಿಗ್ಗಿತು.

1992ರ ಜನವರಿಯಲ್ಲಿ ಅಟ್ಲಾಂಟಾ ನಗರದಲ್ಲಿ ಅಮೆರಿಕದ ಖಗೋಳಶಾಸ್ತ್ರಜ್ಞರ ಸಂಘದ ಅಧಿವೇಶನ ಸೇರಿತು. ತಮ್ಮ ಗ್ರಹವನ್ನು ಕುರಿತು ಉಪನ್ಯಾಸ ಮಾಡಲು ಲೈನ್ ಅವರಿಗೆ ಆಹ್ವಾನವಿತ್ತು. ಅದಕ್ಕೆ ಕೆಲವೇ ದಿನಗಳ ಮೊದಲು ಲೆಕ್ಕವನ್ನು ಮರಳಿ ನೋಡಿದಾಗ ಅವರಿಗೆ ದೋಷವು ಕಂಡುಬಂತು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ಣ ವೃತ್ತವಲ್ಲ, ತುಸು ಅಂಡಾಕಾರದ್ದು. ಅದನ್ನು ಲೆಕ್ಕದಲ್ಲಿ ಸರಿಯಾಗಿ ಹಿಡಿಯದೆ ಹೋದುದರಿಂದ ವರ್ಷದ ಅರ್ಧಕ್ಕೊಮ್ಮೆ ಮರಳುವ ಒಂದು ಹುಸಿ ತೊನೆತ ಹುಟ್ಟಿಕೊಂಡಿತ್ತು. ತಾವು ನಿಂತ ನೆಲದ ಚಲನೆಯನ್ನೇ ದೂರದ ಲೋಕದ ಚಲನೆಯೆಂದು ಅವರು ಬಗೆದಿದ್ದರು. ಲೈನ್ ವೇದಿಕೆ ಏರಿ, ಮರೆಮಾಚದೆ, ನೆವ ಹೇಳದೆ, ಆ ಗ್ರಹವಿಲ್ಲವೆಂದೂ ತಪ್ಪು ತಮ್ಮದೆಂದೂ ಒಪ್ಪಿಕೊಂಡರು. ಸೇರಿದ್ದ ವಿದ್ವಾಂಸರೆಲ್ಲರೂ ದೀರ್ಘ ಕರತಾಡನದಿಂದ ಅವರನ್ನು ಗೌರವಿಸಿದರು.

ಸತ್ಯವು ಹೀಗೆ ದಾರಿ ಬಿಟ್ಟುಕೊಟ್ಟಾಗ ನಿಜವಾದ ಶೋಧಕ್ಕೆ ಹಾದಿ ತೆರೆಯುತ್ತದೆ. ಅದೇ ತಿಂಗಳಲ್ಲಿ ಅಲೆಕ್ಸಾಂಡರ್ ವೊಲ್ಷ್ಚಾನ್ ಮತ್ತು ಡೇಲ್ ಫ್ರೇಲ್ ಎಂಬವರು ಇನ್ನೊಂದು ಪಲ್ಸಾರಿನ ಸುತ್ತ ಎರಡು ಗ್ರಹಗಳಿರುವುದನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದಕ್ಕೆ ಒಂದು ಸುತ್ತಿಗೆ ಸುಮಾರು 66 ದಿನ, ಇನ್ನೊಂದಕ್ಕೆ ಸುಮಾರು 98 ದಿನ. ಆ ಶೋಧ ಎಲ್ಲ ಪರೀಕ್ಷೆಗಳಲ್ಲಿಯೂ ಗೆದ್ದು ಇಂದಿಗೂ ನಿಂತಿದೆ.

ಕಾಣದ್ದನ್ನು ಕಾಣುವ ಬಗೆ

ಆದರೆ ಪಲ್ಸಾರ್ ಸತ್ತ ನಕ್ಷತ್ರ. ನಮ್ಮ ಸೂರ್ಯನಂತೆ ಉರಿಯುತ್ತಿರುವ ನಕ್ಷತ್ರದ ಬಳಿ ಮೊದಲ ಗ್ರಹ ದೊರೆತದ್ದು 1995ರಲ್ಲಿ. ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯೋರ್ ಮತ್ತು ಅವರ ಶಿಷ್ಯ ಡಿಡಿಯೇ ಕೆಲೋ ಅವರು ದಕ್ಷಿಣ ಫ್ರಾನ್ಸಿನ ಒಂದು ವೀಕ್ಷಣಾಲಯದಿಂದ ‘51 ಪೆಗಾಸಿ’ ಎಂಬ ನಕ್ಷತ್ರದ ಸುತ್ತ ಅದನ್ನು ಕಂಡುಹಿಡಿದರು. ಗುರುಗ್ರಹದ ಅರ್ಧದಷ್ಟು ತೂಗುವ ಆ ಗ್ರಹವು ತನ್ನ ಸೂರ್ಯನನ್ನು ನಾಲ್ಕೇ ದಿನಗಳಲ್ಲಿ ಸುತ್ತಿಬಿಡುತ್ತದೆ. ಈ ಗುರುಶಿಷ್ಯರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಅವರು ಗ್ರಹವನ್ನು ಕಣ್ಣಾರೆ ಕಂಡರೇ? ಇಲ್ಲ. ತಾಯಿ ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮಗು ದೊಡ್ಡ ಸುತ್ತು ಹಾಕುತ್ತದೆ. ತಾಯಿಯೂ ತುಸು ಹಿಂದಕ್ಕೆ ವಾಲಿ ಚಿಕ್ಕದೊಂದು ಸುತ್ತು ಹಾಕುತ್ತಾಳೆ. ಕತ್ತಲೆಯಲ್ಲಿ ಮಗು ಕಾಣದಿದ್ದರೂ ತಾಯಿಯ ವಾಲಾಟದಿಂದ ಮಗುವಿರುವುದನ್ನು ತಿಳಿಯಬಹುದು. ಹಾಗೆಯೇ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಅದರ ತೊನೆತವು ಸಿಗುತ್ತದೆ. ಗುರುಗ್ರಹವು ನಮ್ಮ ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ತೂಗಿಸುತ್ತದೆ. ನಮ್ಮ ಭೂಮಿ ತೂಗಿಸುವುದು ಬರಿಯ 9 ಸೆಂಟಿಮೀಟರಿನಷ್ಟು.

ಇನ್ನೊಂದು ಬಗೆಯೂ ಉಂಟು. ನಂದಾದೀಪದ ಮುಂದೆ ನುಸಿಯೊಂದು ಹಾದುಹೋದರೆ ಬೆಳಕು ಲೇಶದಷ್ಟು ಕುಂದುತ್ತದೆ. ದೂರದಿಂದ ನೋಡುವವನಿಗೆ ಸೂರ್ಯನ ಮುಂದೆ ಭೂಮಿ ಹಾದರೆ ಬೆಳಕಿನ 12,000 ಪಾಲುಗಳಲ್ಲಿ ಒಂದು ಪಾಲು ಮಾತ್ರ ಕುಂದೀತು. ಇಷ್ಟು ಸೂಕ್ಷ್ಮವಾದುದನ್ನು ಹಿಡಿಯಲೆಂದೇ ಅಮೆರಿಕವು 2009ರಲ್ಲಿ ಕೆಪ್ಲರ್ ದೂರದರ್ಶಕವನ್ನು ಅಂತರಿಕ್ಷಕ್ಕೆ ಕಳಿಸಿತು. ಅದು 2018ರಲ್ಲಿ ವಿರಮಿಸುವ ವರೆಗೆ ಒದಗಿಸಿದ ಮಾಹಿತಿಯಿಂದ 2,600ಕ್ಕೂ ಹೆಚ್ಚು ಗ್ರಹಗಳು ದೊರೆತವು. ನಮ್ಮವರೂ ಈ ಕಾರ್ಯದಲ್ಲಿ ಹಿಂದುಳಿದಿಲ್ಲ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಅಬೂ ಪರ್ವತದ ದೂರದರ್ಶಕದಿಂದ ಅಳೆದು, ಸುಮಾರು 600 ಜ್ಯೋತಿರ್ವರ್ಷಗಳಾಚೆಯ ಗ್ರಹವೊಂದನ್ನು 2018ರಲ್ಲಿ ಖಚಿತಪಡಿಸಿದರು. 2025ರ ಸೆಪ್ಟೆಂಬರಿಗೆ ಹೀಗೆ ಖಚಿತವಾದ ಗ್ರಹಗಳ ಸಂಖ್ಯೆ 6,000ವನ್ನು ಮುಟ್ಟಿತು. ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಇದು: ಗ್ರಹಗಳು ಇವೆ, ಬಹಳವಾಗಿವೆ.

ಜೀವಕ್ಕೆ ಏನೇನು ಬೇಕು?

ಗ್ರಹವಿದ್ದ ಮಾತ್ರಕ್ಕೆ ಜೀವವಿದೆಯೆಂದಾಗದು. ಹೊಲವಿದ್ದ ಮಾತ್ರಕ್ಕೆ ಬೆಳೆ ಬರುವುದೇ? ನಾವು ಬಲ್ಲ ಜೀವಕ್ಕೆಲ್ಲ ಹರಿಯುವ ನೀರು ಬೇಕು. ನಕ್ಷತ್ರಕ್ಕೆ ತೀರ ಹತ್ತಿರವಾದರೆ ನೀರು ಆವಿಯಾಗುತ್ತದೆ, ತೀರ ದೂರವಾದರೆ ಹೆಪ್ಪುಗಟ್ಟುತ್ತದೆ. ನಡುವಿನ ಹದವಾದ ಪಟ್ಟಿಯನ್ನು ವಾಸಯೋಗ್ಯ ವಲಯವೆಂದು ಕರೆಯುತ್ತಾರೆ. ಆದರೆ ದೂರವೊಂದೇ ಸಾಲದು, ಮೈಮೇಲಿನ ಹೊದಿಕೆಯೂ ಬೇಕು. ವಾಯುಮಂಡಲದ ಹೊದಿಕೆಯು ಶಾಖವನ್ನು ಹಿಡಿದಿಡದಿದ್ದರೆ ನಮ್ಮ ಭೂಮಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದು ಅದಕ್ಕಿಂತ 15 ಡಿಗ್ರಿ ಮೇಲೆ. ಅದೇ ಹೊದಿಕೆ ವಿಪರೀತ ದಪ್ಪವಾದುದರಿಂದ ಶುಕ್ರಗ್ರಹವು 460 ಡಿಗ್ರಿಯ ಕುಲುಮೆಯಾಗಿದೆ.

ಟ್ರ್ಯಾಪಿಸ್ಟ್ ಗ್ರಹಗಳಲ್ಲಿ ಮೂರ್ನಾಲ್ಕು ಈ ಹದವಾದ ವಲಯದಲ್ಲಿವೆಯೆಂದು ಎಣಿಸಲಾಗಿದೆ. ಆದರೆ ಅಂಥ ಕೆಂಪು ಕುಬ್ಜ ನಕ್ಷತ್ರಗಳು ಆಗಾಗ ಸಿಡಿದು ಜ್ವಾಲೆಗಳನ್ನು ಉಗುಳುತ್ತವೆ. ಅದರಿಂದ ಗ್ರಹದ ವಾಯುಮಂಡಲ ಹಾರಿಹೋಗಬಹುದು. ಜೇಮ್ಸ್ ವೆಬ್ ದೂರದರ್ಶಕವು 2023ರಲ್ಲಿ ಆ ಏಳರಲ್ಲಿ ಅತ್ಯಂತ ಒಳಗಿನ ಗ್ರಹವನ್ನು ಪರೀಕ್ಷಿಸಿದಾಗ ಗಮನಾರ್ಹವಾದ ವಾಯುಮಂಡಲದ ಸುಳಿವು ಸಿಗಲಿಲ್ಲ. ನಾವು ಸಪ್ತಲೋಕವೆಂದು ಸಾರಿದ ತಾಣದ ಸ್ಥಿತಿ ಇದು!

2025ರ ಏಪ್ರಿಲಿನಲ್ಲಿ ಇನ್ನೊಂದು ಸುದ್ದಿ ಬಂತು. ಭಾರತದಲ್ಲಿ ಹುಟ್ಟಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ನಿಕ್ಕು ಮಧುಸೂದನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಗತಿಯಿದು: 124 ಜ್ಯೋತಿರ್ವರ್ಷಗಳ ದೂರದ ಕೆ2-18ಬಿ ಎಂಬ ಗ್ರಹದ ವಾಯುಮಂಡಲದಲ್ಲಿ ಡೈಮೀಥೈಲ್ ಸಲ್ಫೈಡ್ ಇಲ್ಲವೆ ಅದರ ಜಾತಿಯ ಇನ್ನೊಂದು ಅನಿಲದ ಕುರುಹು ಕಂಡಿದೆ. ನಮ್ಮ ಭೂಮಿಯಲ್ಲಿ ಈ ಅನಿಲ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ ಹುಟ್ಟುತ್ತದೆ. ಪತ್ರಿಕೆಗಳು ಜೀವ ಸಿಕ್ಕಿತೆಂದು ಬರೆದವು. ಆದರೆ ಇದಕ್ಕೆ ಇನ್ನಷ್ಟು ವೀಕ್ಷಣೆ ಬೇಕೆಂದು ಆ ತಂಡದವರೇ ಹೇಳಿದ್ದರು. ಅದೇ ಅಂಕಿಗಳನ್ನು ಬೇರೆ ತಂಡಗಳು ಮರಳಿ ಅಳೆದಾಗ ದೃಢವಾದ ಪುರಾವೆ ಕಾಣಲಿಲ್ಲ. ಮೇಲಾಗಿ ಇದೇ ಅನಿಲ ಜೀವವಿಲ್ಲದ ಒಂದು ಧೂಮಕೇತುವಿನಲ್ಲಿಯೂ ಇರುವುದನ್ನು 2024ರಲ್ಲಿ ವಿಜ್ಞಾನಿಗಳು ತೋರಿಸಿದ್ದರು. ಆದಕಾರಣ ಪ್ರಶ್ನೆಯ ಉಳಿದರ್ಧಕ್ಕೆ ಇಂದಿನ ಪ್ರಾಮಾಣಿಕ ಉತ್ತರ ಒಂದೇ: ತಿಳಿಯದು, ಹುಡುಕುತ್ತಿದ್ದೇವೆ.

ಶರಣರ ದಾರಿ ಯಾವುದು?

ಸದ್ಭಕ್ತರು ಕೇಳಬಹುದು: ಹಿರಿಯರ ಹಿರಿಮೆಯನ್ನು ಹೇಳಿಕೊಂಡರೆ ತಪ್ಪೇನು? ಹಿರಿಮೆಯಿದ್ದಲ್ಲಿ ಹೇಳೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಶಾಸ್ತ್ರವು ಹೇಳಿತೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪಲಿಲ್ಲ; ಅನುಭವದ ಒರೆಗಲ್ಲಿಗೆ ಹಚ್ಚಿ ನೋಡಿದರು. ಅನುಭವ ಮಂಟಪದ ಹೆಗ್ಗಳಿಕೆಯೇ ಪ್ರಶ್ನೆ ಕೇಳುವುದರಲ್ಲಿತ್ತು. ಅಲ್ಲಿ ಹೆಣ್ಣು, ಗಂಡು, ಹಿರಿಯ, ಕಿರಿಯ ಎಂಬ ತಡೆ ಇರಲಿಲ್ಲ. ಅಂಥವರ ಹೆಸರು ಹೇಳುವ ನಾವು ಅವರ ‘ಬಯಲು’ ಎಂಬ ಮಾತಿನಲ್ಲಿ ದೂರದರ್ಶಕದ ಅಂಕಿಗಳನ್ನು ಹುಡುಕತೊಡಗಿದರೆ ಶರಣರ ಘನತೆ ಹೆಚ್ಚುವುದಿಲ್ಲ. ಅವರ ಬಯಲು ಅನುಭಾವದ ನಿಲುವು. ವಿಜ್ಞಾನಿಯ ಬಯಲು ಅಳತೆಯ ಅಂತರಿಕ್ಷ. ಒಂದನ್ನು ಇನ್ನೊಂದರ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ. ಲೈನ್ ಅವರು ತಮ್ಮ ನೆಲದ ಚಲನೆಯನ್ನು ಆಕಾಶದ ಮೇಲೆ ಹೊರಿಸಿದ್ದರು. ನಾವು ನಮ್ಮ ಪುರಾಣದ ಎಣಿಕೆಯನ್ನು ಹೊರಿಸಿದೆವು. ಅವರು ಆರು ತಿಂಗಳೊಳಗೆ ತಿದ್ದಿಕೊಂಡರು. ನಮಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು.

ನುಡಿ ಮತ್ತು ನಡೆ ಒಂದಾಗಿರಬೇಕೆಂದು ನಾವು ಪೀಠದಿಂದ ಬೋಧಿಸುತ್ತೇವೆ. ಪೀಠದಲ್ಲಿ ಕುಳಿತು ಆಡಿದ ಮಾತು ತಪ್ಪೆಂದು ತಿಳಿದ ಮೇಲೆಯೂ ಸುಮ್ಮನಿದ್ದರೆ ಆ ಬೋಧೆಗೆ ಬೆಲೆ ಎಲ್ಲಿಯದು?

ಗ್ರಹಗಳ ವಿಷಯದಲ್ಲಿ ನಮ್ಮನ್ನು ಮಣಿಸಿದ ಸಂಗತಿ ಇನ್ನೊಂದಿದೆ. ಸೂರ್ಯನ ನಂತರ ನಮಗೆ ಅತ್ಯಂತ ಸಮೀಪದ ನಕ್ಷತ್ರ ಪ್ರಾಕ್ಸಿಮಾ. ಅದಕ್ಕೂ ಒಂದು ಗ್ರಹವಿರುವುದು 2016ರಲ್ಲಿ ಗೊತ್ತಾಯಿತು. ದೂರ ನಾಲ್ಕೂಕಾಲು ಜ್ಯೋತಿರ್ವರ್ಷ ಮಾತ್ರ. ಆದರೆ ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ ನೌಕೆಯ ವೇಗದಲ್ಲಿ ಹೊರಟರೂ ಅಷ್ಟು ದೂರವನ್ನು ಕ್ರಮಿಸಲು 70,000 ವರ್ಷಗಳಿಗೂ ಹೆಚ್ಚು ಬೇಕು. ಇಲ್ಲಿನ ನೆಲ ಕೆಟ್ಟರೆ ಅಲ್ಲಿಗೆ ಹೋಗೋಣವೆನ್ನುವ ಮಾತಿಲ್ಲ. ಆರು ಸಾವಿರ ಗ್ರಹಗಳನ್ನು ಕಂಡ ಮೇಲೆಯೂ ಜೀವ ಇರುವುದಾಗಿ ಖಚಿತವಾದ ನೆಲ ಇದೊಂದೇ. ಇದರ ಕೆರೆ, ಗಾಳಿ, ಮಣ್ಣುಗಳನ್ನು ಕಾಯುವುದೂ ಕಾಯಕವೇ.

ಆ ಹುಡುಗಿ ಈಗ ಎಲ್ಲಿರುವಳೋ ತಿಳಿಯದು. ಈ ಪತ್ರಿಕೆ ಆಕೆಯ ಮನೆಗೆ ಬರುತ್ತಿದ್ದರೆ ಈ ಮಾತು ಆಕೆಗೆ ತಲುಪಲಿ: ತಂಗಿ, ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತು, ನಮ್ಮ ಮಾತು ತಪ್ಪಾಗಿತ್ತು. ಸಭೆಯ ಮುಂದೆ ನಿನ್ನನ್ನು ಕುಳ್ಳಿರಿಸಿದೆವು. ಆದಕಾರಣ ಸಭೆಯ ಮುಂದೆಯೇ ಇದನ್ನು ಒಪ್ಪಿಕೊಳ್ಳುತ್ತಿದ್ದೇವೆ.

ಪತ್ರಿಕೆಯ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಮನೆಯ ಮಕ್ಕಳು ಅಂಗಳದಲ್ಲಿ ನಿಂತು ಚುಕ್ಕಿಗಳನ್ನು ತೋರಿಸಿ ಏನಾದರೂ ಕೇಳಿದರೆ ಬಲ್ಲಷ್ಟನ್ನು ಹೇಳಿರಿ. ತಿಳಿಯದಿದ್ದರೆ ತಿಳಿಯದೆನ್ನಿರಿ, ಅವರೊಡನೆ ಕುಳಿತು ಓದಿರಿ. ಕೇಳುವ ಮಗುವನ್ನು ಮಾತ್ರ ಕುಳ್ಳಿರಿಸಬೇಡಿರಿ. ಶರಣು ಶರಣಾರ್ಥಿ.